ಸುತ್ತುದಾರಿಯ ಒಂದು ದಿನ



2018ರ ಆಗಸ್ಟ್ ತಿಂಗಳ ಮಳೆಯನ್ನು ಮಲೆನಾಡು ಮರೆತಿಲ್ಲ. ಕೊಡಗಿನ ಜೋಡುಪಾಲ, ಮಕ್ಕಂದೂರುಗಳಲ್ಲಿ ಗುಡ್ಡಗಳು ಜರಿದವು, ಜೀವಗಳು ಹೋದವು, ತೋಟ, ಗದ್ದೆ, ಮನೆಗಳು ಮಣ್ಣುಪಾಲಾದವು. ಶಿರಾಡಿ ಮತ್ತು ಸಂಪಾಜೆ ಘಾಟಿಯ ರಸ್ತೆಗಳೆರಡೂ ಏಕಕಾಲಕ್ಕೆ ಮುಚ್ಚಿದವು. ಬಯಲುಸೀಮೆಯಿಂದ ಕರಾವಳಿಗೆ ಹೊರಟವರು ದಾರಿ ಅರಸುತ್ತ ಬೆಟ್ಟದ ಸೆರಗಿನಲ್ಲಿ ಅಲೆಯಬೇಕಾಯಿತು. ಅಂಥವರಲ್ಲಿ ಒಬ್ಬನ ಒಂದು ದಿನವನ್ನು ಕಲ್ಪಿಸಿಕೊಂಡರೆ, ಗುಡ್ಡ ಏಕೆ ಜರಿಯುತ್ತದೆ ಎಂಬ ಪ್ರಶ್ನೆಗೆ ಉತ್ತರವು ಆ ದಾರಿಯಲ್ಲಿಯೇ ದೊರಕುತ್ತದೆ.

ಆತ ಮಂಗಳೂರಿನವನು, ಚೆನ್ನೈಯಲ್ಲಿ ಉದ್ಯೋಗಿ. ಮರುದಿನ ತಂದೆಯ ತಿಥಿ. ಪೂರ್ವದ ಕಡಲಿನಿಂದ ಪಶ್ಚಿಮದ ಕಡಲಿಗೆ ಒಬ್ಬನೇ ಕಾರು ನಡೆಸಿಕೊಂಡು ಹೊರಟವನು ಹಾಸನದಲ್ಲಿ ರಾತ್ರಿ ಕಳೆದ. ಮಧ್ಯಾಹ್ನದ ಊಟಕ್ಕೆ ಮನೆ ಸೇರುವ ಭರವಸೆ ಅವನಿಗಿತ್ತು. ಸಕಲೇಶಪುರದಲ್ಲಿ ಕೆಂಪಾಗಿ ಉಕ್ಕುತ್ತಿದ್ದ ಹೇಮಾವತಿಯನ್ನು ದಾಟುವಷ್ಟರಲ್ಲಿ ಪೊಲೀಸರು ತಡೆದರು. ಶಿರಾಡಿ ಬಂದ್. ಮಡಿಕೇರಿಯ ಕಡೆಗೆ ತಿರುಗೋಣವೆಂದರೆ, ಸಂಪಾಜೆಯಲ್ಲಿ ರಸ್ತೆಯೇ ಉಳಿದಿಲ್ಲವೆಂಬ ಉತ್ತರ ಬಂತು. ಆತ ಉತ್ತರಕ್ಕೆ ತಿರುಗಿ, ಕಾಫಿ ತೋಟಗಳ ನಡುವಿನ ಕಿರುದಾರಿಯಲ್ಲಿ ಮೂಡಿಗೆರೆಯನ್ನು ಹಾದು ಕೊಟ್ಟಿಗೆಹಾರ ತಲುಪಿದ.

ಅಲ್ಲಿಯ ಹೋಟೆಲಿನಲ್ಲಿ ನೀರುದೋಸೆ ತಿನ್ನುತ್ತಿದ್ದಾಗ ಮಾಲೀಕರು ಕೇಳಿದರು: "ಎಲ್ಲಿಗೆ ಮಾರಾಯ್ರೆ? ಚಾರ್ಮಾಡೀಲಿ ಮರ ಬಿದ್ದು ಗಾಡಿಗಳೆಲ್ಲ ಸಾಲುಗಟ್ಟಿ ನಿಂತಿವೆ. ಕಳಸದ ಮೇಲೆ ಕುದುರೆಮುಖ ದಾಟಿ ಕಾರ್ಕಳಕ್ಕೆ ಇಳೀರಿ." ಇದು ಆ ದಿನದ ಮೂರನೆಯ ಸುತ್ತುದಾರಿ.

ಕಳಸದ ದಾರಿಯಲ್ಲಿ ಒಂದೆಡೆ ಹೊಸದಾಗಿ ಅಗಲಗೊಳಿಸಿದ ರಸ್ತೆಯ ಧರೆ ಜರಿದು ಅರ್ಧ ಮಾರ್ಗವನ್ನು ನುಂಗಿತ್ತು. ಮಣ್ಣು ಸರಿಸುವವರೆಗೆ ಕಾಯಬೇಕಾಯಿತು. ಅಲ್ಲಿ ಕಂಬಳಿಕೊಪ್ಪೆ ಹೊದ್ದು ನಿಂತಿದ್ದ ವೃದ್ಧ ಕೃಷಿಕರೊಬ್ಬರು ಧರೆಯ ಬುಡವನ್ನು ತೋರಿಸಿದರು. ಮೇಲೆ ಗಟ್ಟಿ ಜಂಬಿಟ್ಟಿಗೆ. ಅದರಡಿಯಲ್ಲಿ ಬಿಳಿ-ಹಳದಿಯ ಮೆತ್ತನೆಯ ಶೇಡಿಮಣ್ಣು. ಎರಡರ ಸಂದಿಯಿಂದ ನೀರು ಒಸರುತ್ತಿತ್ತು. "ತಮ್ಮಾ, ಇಲ್ಲೊಂದು ಹಳ್ಳದ ದಾರಿ ಇತ್ತು. ಜೆಸಿಬಿಯವರು ಮಣ್ಣು ಹಾಕಿ ಮುಚ್ಚಿದರು. ನೀರು ಎಲ್ಲಿಗೆ ಹೋಗಬೇಕು ಹೇಳು?"

ಮಣ್ಣಿನ ಶಾಸ್ತ್ರ ಹೇಳುವುದೂ ಅದನ್ನೇ. ಕಾಡಿನ ಮೇಲೆ ಬಿದ್ದ ಮಳೆ ನೇರವಾಗಿ ಹೊಳೆಗೆ ಧಾವಿಸುವುದಿಲ್ಲ. ಎಲೆಯಿಂದ ಎಲೆಗೆ, ಕಾಂಡದಿಂದ ತರಗಿಗೆ, ತರಗಿನಿಂದ ಮಣ್ಣಿಗೆ ಇಳಿಯುತ್ತದೆ. ಎರೆಹುಳುವಿನ ಬಿಲಗಳಲ್ಲಿ, ಸತ್ತ ಬೇರುಗಳ ಜಾಡಿನಲ್ಲಿ ನಿಧಾನವಾಗಿ ಸಾಗಿ, ತಿಂಗಳುಗಳ ನಂತರ ಯಾವುದೋ ಒರತೆಯಲ್ಲಿ ಕಣ್ತೆರೆಯುತ್ತದೆ. ಇದು ನೀರಿನ ಸುತ್ತುದಾರಿ. ಬೇಸಿಗೆಯಲ್ಲಿ ಅಡಿಕೆ ತೋಟಕ್ಕೆ ತಂಪು ದೊರೆಯುವುದು, ಬಾವಿಯಲ್ಲಿ ನೀರು ನಿಲ್ಲುವುದು ಇದರ ಫಲ. ಕಾಡನ್ನು ಕಡಿದರೆ ಈ ದಾರಿ ಮುಚ್ಚುತ್ತದೆ. ನೀರು ಮೇಲ್ಮಣ್ಣನ್ನು ಕೊಚ್ಚಿಕೊಂಡು ಓಡುತ್ತದೆ. ಹಳ್ಳವನ್ನು ಮುಚ್ಚಿದರೆ ನೀರು ಗುಡ್ಡದೊಳಗೇ ಸಂಗ್ರಹವಾಗಿ ಮಣ್ಣಿನ ಕಣಗಳ ಹಿಡಿತವನ್ನು ಸಡಿಲಿಸುತ್ತದೆ. ಅದೇ ಹೊತ್ತಿಗೆ ಧರೆಯನ್ನು ಲಂಬವಾಗಿ ಕಡಿದು ಬುಡದ ಆಸರೆಯನ್ನು ತೆಗೆದಿದ್ದರೆ, ಗುಡ್ಡಕ್ಕೆ ಜರಿಯುವುದೊಂದೇ ಮಾರ್ಗ. ಕೊಡಗಿನ ದುರಂತದ ನಂತರ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ತಜ್ಞರು, ಅತಿವೃಷ್ಟಿಯ ಜೊತೆಗೆ, ರಸ್ತೆ ಮತ್ತು ಕಟ್ಟಡಗಳಿಗಾಗಿ ಇಳಿಜಾರನ್ನು ಕಡಿದದ್ದನ್ನು ಪ್ರಮುಖ ಕಾರಣವೆಂದು ಗುರುತಿಸಿದರು.

ಕಳಸವನ್ನು ದಾಟಿದ ಮೇಲೆ ಪ್ರಯಾಣಿಕನಿಗೆ ಜೊತೆಯಾದದ್ದು ಭದ್ರೆ. ಅರಬ್ಬಿ ಸಮುದ್ರಕ್ಕೆ ಅಷ್ಟು ಸಮೀಪದ ಗಂಗಾಮೂಲದಲ್ಲಿ ಹುಟ್ಟಿಯೂ ಈ ನದಿ ಪಶ್ಚಿಮಕ್ಕೆ ಬೆನ್ನು ಹಾಕುತ್ತದೆ; ಕೂಡ್ಲಿಯಲ್ಲಿ ತುಂಗೆಯನ್ನು ಕೂಡಿ, ಕೃಷ್ಣೆಯೊಳಗೆ ಬೆರೆತು ಬಂಗಾಳ ಕೊಲ್ಲಿಯನ್ನು ಸೇರುತ್ತದೆ. ಆತ ಯಾವ ಕಡಲಿನಿಂದ ಹೊರಟಿದ್ದನೋ ಆ ಕಡಲಿಗೇ ನದಿ ಹೊರಟಿತ್ತು. ಆ ದೀರ್ಘವಾದ ಸುತ್ತಿನಿಂದಲೇ ಬಯಲುಸೀಮೆಯ ಲಕ್ಷಾಂತರ ಎಕರೆ ಹೊಲಗದ್ದೆಗಳು ಹಸಿರಾಗಿವೆ.

ಕುದುರೆಮುಖದಲ್ಲಿ ಮಂಜು ಸರಿದಾಗ ಹುಲ್ಲುಗಾವಲು, ಅದರ ಮಡಿಲಿನ ಶೋಲಾ ಕಾಡುಗಳು ಕಂಡವು. ಇಲ್ಲಿ ದಶಕಗಳ ಕಾಲ ನಡೆದ ಕಬ್ಬಿಣದ ಅದಿರಿನ ಗಣಿಗಾರಿಕೆ, ಪರಿಸರಾಸಕ್ತರ ಹೋರಾಟ ಹಾಗೂ ಸರ್ವೋಚ್ಚ ನ್ಯಾಯಾಲಯದ ಆದೇಶದ ಫಲವಾಗಿ 2005ರ ಅಂತ್ಯಕ್ಕೆ ನಿಂತಿತು. ಗಣಿಯ ಗಾಯ ಇನ್ನೂ ಮಾಸಿಲ್ಲ. ಆದರೆ ಉಳಿದ ಹುಲ್ಲು ಮತ್ತು ಶೋಲಾ ಇಂದಿಗೂ ಮಳೆಯನ್ನು ಹಿಡಿದಿಟ್ಟು ಹನಿಹನಿಯಾಗಿ ಭದ್ರೆಗೆ ಉಣಿಸುತ್ತಿವೆ.

ಕಾರ್ಕಳದ ಮಾರ್ಗವಾಗಿ ಮಂಗಳೂರು ಸೇರುವಾಗ ರಾತ್ರಿಯಾಗಿತ್ತು. ತಾಯಿ ಊಟಕ್ಕೆ ಕಾದು ಕುಳಿತಿದ್ದರು. ಆತ ಕಳೆದುಕೊಂಡದ್ದು ಒಂದು ದಿನವನ್ನು ಮಾತ್ರ. ಎಲ್ಲರಿಗೂ ಆ ಭಾಗ್ಯವಿಲ್ಲ. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಹೆದ್ದಾರಿಗಾಗಿ ಕಡಿದ ಗುಡ್ಡ ಕುಸಿದಾಗ, ಚಹಾ ಅಂಗಡಿಯ ಕುಟುಂಬವೂ ಲಾರಿ ಚಾಲಕರೂ ಮಣ್ಣಿನಡಿಗೆ, ಗಂಗಾವಳಿಯ ಒಡಲಿಗೆ ಸೇರಿದರು. ಅವರಿಗೆ ಸುತ್ತುದಾರಿಯ ಅವಕಾಶವೂ ಇರಲಿಲ್ಲ.

ರಸ್ತೆ ಬೇಡವೆಂದು ಯಾರೂ ಹೇಳುತ್ತಿಲ್ಲ. ಬಸುರಿಯನ್ನು ಆಸ್ಪತ್ರೆಗೆ, ಮಕ್ಕಳನ್ನು ಶಾಲೆಗೆ, ಅಡಿಕೆಯನ್ನು ಮಂಡಿಗೆ ಒಯ್ಯಲು ರಸ್ತೆ ಬೇಕು. ಆದರೆ ಗುಡ್ಡದಲ್ಲಿ ರಸ್ತೆ ಮಾಡುವವರು ಮೊದಲು ನೀರಿನ ದಾರಿಯನ್ನು ತಿಳಿಯಬೇಕು. ಪ್ರತಿ ಹಳ್ಳಕ್ಕೂ ಸಾಕಷ್ಟು ಅಗಲದ ಮೋರಿ ಇರಬೇಕು. ಧರೆಯನ್ನು ಗೋಡೆಯಂತೆ ಕಡಿಯದೆ ಮೆಟ್ಟಿಲು ಮೆಟ್ಟಿಲಾಗಿ ಕಡಿದು ಹುಲ್ಲು ಹಬ್ಬಿಸಬೇಕು. ಕೃಷಿಕರೂ ಒಂದು ಎಚ್ಚರ ವಹಿಸಬೇಕು: ಬಯಲಿನಲ್ಲಿ ಉಪಕಾರಿಯಾದ ಇಂಗುಗುಂಡಿ, ಮನೆಯ ಮೇಲಣ ಕಡಿದಾದ ಇಳಿಜಾರಿನಲ್ಲಿ ಅಪಾಯವನ್ನು ತರಬಹುದು. ಅಲ್ಲಿ ಬೇಕಾದದ್ದು ಮರದ ಬೇರು, ತರಗಿನ ಹೊದಿಕೆ, ನೀರು ನಿಲ್ಲದಂತೆ ಹೂಳು ತೆಗೆದ ಬಸಿಗಾಲುವೆ.

ವಿದ್ಯಾರ್ಥಿಗಳು ಮುಂದಿನ ಮಳೆಗಾಲಕ್ಕೆ ಮುಂಚೆ ಹಿರಿಯರೊಡನೆ ತಮ್ಮ ಊರಿನ ಗುಡ್ಡವನ್ನು ಒಮ್ಮೆ ಸುತ್ತಿ ಬರಲಿ. ಯಾವ ಒರತೆ ಎಲ್ಲಿದೆ, ಯಾವ ಹಳ್ಳ ಮುಚ್ಚಿಹೋಗಿದೆ ಎಂದು ನಕ್ಷೆ ಬರೆದು ಗ್ರಾಮಸಭೆಯ ಮುಂದಿಡಲಿ. ನೆಲದಲ್ಲಿ ಹೊಸ ಬಿರುಕು, ವಾಲಿದ ಮರ, ಇದ್ದಕ್ಕಿದ್ದಂತೆ ಕೆಂಪಾದ ಅಥವಾ ಬತ್ತಿದ ಒರತೆ ಕಂಡರೆ, ಮಳೆ ನಿಲ್ಲಲೆಂದು ಕಾಯದೆ ಆ ಮನೆಯವರನ್ನು ಸುರಕ್ಷಿತ ಸ್ಥಳಕ್ಕೆ ಕರೆತರಬೇಕು.

ನೀರಿಗೆ ಅದರ ಸುತ್ತುದಾರಿಯನ್ನು ಬಿಟ್ಟುಕೊಟ್ಟರೆ ಮನುಷ್ಯನ ದಾರಿಯೂ ಉಳಿಯುತ್ತದೆ. ಆ ವೃದ್ಧರು ಧರೆಯ ಬುಡದಲ್ಲಿ ನಿಂತು ಕೇಳಿದ ಪ್ರಶ್ನೆಗೆ ಪ್ರತಿ ಊರೂ ಉತ್ತರ ಕೊಡಬೇಕಾಗಿದೆ.