ಒಂದು ಚೆಕ್ಕಿನಿಂದ ಮುಗಿಯದ ನೆರವು



ನಾನು ಡಾಕ್ಟರಲ್ಲ. ಬಿ.ಕಾಂ. ಮುಗಿಸಿ, ಬ್ಯಾಂಕಿನಲ್ಲಿ ಸಾಲದ ಕಾಗದ ನೋಡುತ್ತ ನಿವೃತ್ತನಾದವನು. ನೆರವು ಸಮಿತಿಗೆ ಬಂದ ಮೇಲೆ ಮದ್ದಿನ ಬಿಲ್ಲು ಓದುವುದನ್ನೂ ಕಲಿತೆ.

ಕಳೆದ ವರ್ಷ ಡೊಂಬಿವಲಿಯಿಂದ ಒಬ್ಬ ತಾಯಿಯ ಅರ್ಜಿ ಬಂತು. ಹೊಲಿಗೆಯೇ ಅವರ ಜೀವನೋಪಾಯ. ರುಮಟಾಯ್ಡ್ ಸಂಧಿವಾತದಿಂದ ಬೆರಳು ಊದಿ ಕತ್ತರಿ ಹಿಡಿಯಲಾಗುತ್ತಿರಲಿಲ್ಲ. ದೇಹದ ರೋಗನಿರೋಧಕ ಶಕ್ತಿಯೇ ತನ್ನ ಕೀಲುಗಳ ಮೇಲೆ ತಿರುಗಿಬೀಳುವ ಕಾಯಿಲೆ ಇದು. ಮಾತ್ರೆ ಸಾಲದಾದಾಗ, ಕ್ಷಯವಿಲ್ಲವೆಂದು ಪರೀಕ್ಷಿಸಿ, ಡಾಕ್ಟರು ಅಡಾಲಿಮುಮ್ಯಾಬ್ ಚುಚ್ಚುಮದ್ದು ಬರೆದರು. ಎರಡು ವಾರಕ್ಕೊಂದು, 40 ಮಿಲಿಗ್ರಾಂ.

ಮೂಲ ಮದ್ದು ಹ್ಯುಮಿರಾ. ಅದರ ಬಯೋಸಿಮಿಲರ್ ಜಗತ್ತಿನಲ್ಲೇ ಮೊದಲು ಮಾರಾಟಕ್ಕೆ ಬಂದದ್ದು ನಮ್ಮ ದೇಶದಲ್ಲಿ. 2014ರ ಡಿಸೆಂಬರಿನಲ್ಲಿ ಅಹಮದಾಬಾದಿನ ಝೈಡಸ್ ಕ್ಯಾಡಿಲಾ ತಂದಿತು. ಅಮೆರಿಕದ ರೋಗಿಗಳು ಇಂಥದ್ದಕ್ಕೆ 2023ರವರೆಗೆ ಕಾದರು. "ಡೂಪ್ಲಿಕೇಟಾ?" ಎಂದು ಸಮಿತಿಯಲ್ಲಿ ಒಬ್ಬರು ಕೇಳಿದರು. ಅಲ್ಲ. ಜೀವಕೋಶಗಳಲ್ಲಿ ತಯಾರಾಗುವ ಪ್ರೊಟೀನು ಇದು, ಮಾತ್ರೆಯಂತೆ ಪಡಿಯಚ್ಚು ತೆಗೆಯಲಾಗದು. ಒಂದೇ ಹೆಪ್ಪಿನಿಂದ ಎರಡು ಮನೆಗಳಲ್ಲಿ ಮೊಸರಾದ ಹಾಗೆ. ಪರಿಣಾಮದಲ್ಲೂ ಸುರಕ್ಷತೆಯಲ್ಲೂ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲವೆಂದು ಪರೀಕ್ಷೆಗಳಲ್ಲಿ ತೋರಿಸಿದ ಮೇಲೆಯೇ ಪರವಾನಗಿ.

ಬೆಲೆಯ ಮಾತು. ಅದು ಬಂದಾಗ ಒಂದು ವಯಲಿಗೆ ಸುಮಾರು 200 ಡಾಲರ್. ಅಮೆರಿಕದಲ್ಲಿ ಹ್ಯುಮಿರಾಕ್ಕೆ ಸುಮಾರು 1,000. ಐದರಲ್ಲೊಂದು ಪಾಲು, ನಿಜ. ಆದರೆ ವರ್ಷಕ್ಕೆ 26 ಬೇಕು. ರವಿಕೆ ಹೊಲಿಯುವವರಿಗೆ ಆ ಅಗ್ಗವೂ ಅಗ್ಗವಲ್ಲ.

ನಮ್ಮ ಪದ್ಧತಿ ಒಂದೇ ಕಂತಿನ ನೆರವು. ಆಪರೇಷನ್ನಿಗೆ ಅದು ಸರಿ. ಆ ತಾಯಿಗೂ ಹಾಗೇ ಚೆಕ್ಕು ಕೊಟ್ಟೆವು, ಫೋಟೋ ತೆಗೆಸಿಕೊಂಡೆವು. ಮೂರು ತಿಂಗಳ ಮದ್ದಾಯಿತು. ಬೆರಳು ಇಳಿಯಿತು, ಮೆಷಿನ್ ಮತ್ತೆ ತಿರುಗಿತು. ದುಡ್ಡು ಮುಗಿಯಿತು, ಮದ್ದು ನಿಂತಿತು. ಮತ್ತೆ ಕೇಳಲು ಅವರಿಗೆ ಸಂಕೋಚ. ಗಣೇಶೋತ್ಸವದಲ್ಲಿ ಸಿಕ್ಕಾಗ ಚಹಾದ ಲೋಟವನ್ನು ಎರಡೂ ಕೈಯಲ್ಲಿ ಹಿಡಿದಿದ್ದರು. ಅವರ ಕಡತದ ಮೇಲೆ 'ಮುಕ್ತಾಯ' ಎಂದು ಬರೆದು ಸಹಿ ಹಾಕಿದ್ದವನು ನಾನೇ.

ಈಗ ಸಮಿತಿ ಆ ಕಡತವನ್ನು ಮತ್ತೆ ತೆರೆದಿದೆ. ಇಂಥವೇ ಇನ್ನೂ ಮೂರು ಅರ್ಜಿಗಳಿವೆ. ಇವಕ್ಕೆ ದೊಡ್ಡ ದೇಣಿಗೆಗಿಂತ ತಿಂಗಳು ತಿಂಗಳು ತಪ್ಪದೆ ಬರುವ ಹಣ ಬೇಕು. ನಿಮ್ಮ ಖಾತೆಯಿಂದ ಐನೂರೋ ಸಾವಿರವೋ ತಾನಾಗಿ ಬರುವಂತೆ ಬ್ಯಾಂಕಿಗೆ ಸ್ಟ್ಯಾಂಡಿಂಗ್ ಇನ್‌ಸ್ಟ್ರಕ್ಷನ್ ಕೊಡಿ. ನಾಲ್ಕಾರು ಮನೆ ಸೇರಿ ಒಬ್ಬರ ಮದ್ದಿನ ಹೊಣೆ ಹೊತ್ತರೂ ಆದೀತು.

ಫಾರಂ ಬಾಗಿಲ ಬಳಿಯ ಮೇಜಿನ ಮೇಲಿದೆ. ಕನ್ನಡಕ ಮರೆತು ಬಂದವರಿಗೆ ನಾನೇ ತುಂಬಿಕೊಡುತ್ತೇನೆ.