ಚಿಕ್ಕ ಮನೆಯಲ್ಲಿ ದೊಡ್ಡ ಜಾಗ

ದಾಮರಗಿದ್ದದ ಸುತ್ತಮುತ್ತಲಿನ ನಮ್ಮ ಹಳೆಯ ಮನೆಗಳನ್ನು ನೆನೆಸಿಕೊಳ್ಳಿ. ಕಲ್ಲುಮಣ್ಣಿನ ದಪ್ಪ ಗೋಡೆ, ಗೋಡೆಯಲ್ಲೇ ಗೂಡು, ಮಾಳಿಗೆಯಲ್ಲಿ ಬೆಳಕಿಂಡಿ. ದೀಪ, ಡಬ್ಬಿ, ಪುಸ್ತಕ ಎಲ್ಲಾ ಗೂಡಿನಲ್ಲಿ, ನೆಲ ಮನುಷ್ಯರಿಗೆ. ಈಗಿನ ಸ್ಲ್ಯಾಬ್ ಮನೆಯ ಗೋಡೆ ತೆಳು. ಗೂಡಿಲ್ಲದೆ ಸಾಮಾನೆಲ್ಲ ನೆಲಕ್ಕಿಳಿದಿದೆ.

ನಾನು ಬ್ಯಾಂಕಿನಿಂದ ನಿವೃತ್ತನಾಗಿ ಊರಿಗೆ ಬಂದಾಗ ಎರಡು ಕೋಣೆಯ ನನ್ನ ಮನೆಯಲ್ಲೂ ಹೀಗೇ ಆಯಿತು. ಟ್ರಂಕು, ಮುರಿದ ಮಂಚ, ಹಳೆಯ ಹಂಡೆಗಳು ಒಳಗೆ. ಅವ್ವನ ಹಾಸಿಗೆ ಹೊರಗಿನ ಕಟ್ಟೆಯ ಮೇಲೆ. ಒಂದು ಚಳಿಗಾಲದ ರಾತ್ರಿ ಅವ್ವ ಕೆಮ್ಮುತ್ತಾ, "ಟ್ರಂಕಿಗೆ ಥಂಡಿ ಹತ್ತಬಾರದಲ್ಲಪ್ಪಾ, ಒಳಗೇ ಇರಲಿ" ಅಂದಳು. ನನಗೆ ಮಾತೇ ಹೊರಡಲಿಲ್ಲ.

2 ವರ್ಷ ವಹಿವಾಟು ನಡೆಯದ ಉಳಿತಾಯ ಖಾತೆಯನ್ನು ಬ್ಯಾಂಕಿನಲ್ಲಿ ನಿಷ್ಕ್ರಿಯವೆಂದು ಬರೆಯುತ್ತಾರೆ. ಅದೇ ಲೆಕ್ಕವನ್ನು ಮನೆಗೂ ಹಾಕಿದೆ. 2 ವರ್ಷ ಯಾರೂ ಮುಟ್ಟದ ಸಾಮಾನನ್ನು ಬೇಕಾದವರಿಗೆ ಕೊಟ್ಟೆ. ಉಳಿದದ್ದಕ್ಕೆ ಬಾಗಿಲಿಗಿಂತ ಎತ್ತರದಲ್ಲಿ ಶಹಾಬಾದ್ ಫರಸಿ ಹಾಕಿಸಿದೆ. ಗೋಡೆಗೆ ಬಿಳಿ ಸುಣ್ಣ ಬಳಿಸಿ, ಕಿಟಕಿಗೆ ಅಡ್ಡವಾಗಿದ್ದ ಬೀರು ಸರಿಸಿದೆ. ಬೆಳಕು ಮೂಲೆಯವರೆಗೆ ಬಂತು.

ಕೋಣೆ ಒಂದು ಗೇಣೂ ಬೆಳೆಯಲಿಲ್ಲ. ಆದರೂ ಅವ್ವನ ಮಂಚ ಒಳಗೆ ಹಿಡಿಸಿತು. ನೀವೂ ಇವತ್ತು ನೋಡಿ: ಸಾಮಾನು ಒಳಗಿರಲೆಂದು ನಿಮ್ಮ ಮನೆಯಲ್ಲಿ ಯಾರು ಹೊರಗಿದ್ದಾರೆ?