ಕೊಂಡ ಆಸನ ಮತ್ತು ನಮ್ಮ ಹೆಸರುಕಾಳು

(ರೋಣ ತಾಲೂಕಿನ ಅಸೂಟಿಯಲ್ಲಿ ಪಾಲಕರು ಮತ್ತು ವಿದ್ಯಾರ್ಥಿಗಳ ಸಭೆಯಲ್ಲಿ ಮಾಡಿದ ಭಾಷಣದ ಪಾಠ)



ಹೆಸರುಕಾಳು ಮೊಳಕೆಯೊಡೆಯುವುದು ಈ ಸೀಮೆಯವರಿಗೆ ಹೊಸ ಸುದ್ದಿಯಲ್ಲ. ಮುಂಗಾರು ಹದವಾಗಿ ಬಿದ್ದರೆ ಎರೆ ಭೂಮಿಯಲ್ಲಿ ಬಿತ್ತಿದ ಕಾಳು ಕೆಲವೇ ದಿನಗಳಲ್ಲಿ ತಲೆಯೆತ್ತುತ್ತದೆ. ಅದೇ ಮಳೆ ಕೊಯ್ಲಿನ ಹೊತ್ತಿನಲ್ಲಿ ಬಿಡದೆ ಹಿಡಿದರೆ ಕಾಯಿಯೊಳಗೇ ಮೊಳಕೆ ಬಂದು ಹಂಗಾಮಿನ ದುಡಿಮೆ ಮಣ್ಣುಪಾಲಾಗುತ್ತದೆ. ಮೊಳಕೆಯ ವರವನ್ನೂ ಶಾಪವನ್ನೂ ತಾವು ಬಲ್ಲಿರಿ.

2025ರಲ್ಲಿ ಇದೇ ಹೆಸರುಕಾಳು ಭೂಮಿಯಿಂದ ಸುಮಾರು 400 ಕಿಲೋಮೀಟರ್ ಎತ್ತರದಲ್ಲಿ, ಅಂತಾರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿ ಮೊಳಕೆಯೊಡೆಯಿತು. ಜೊತೆಗೆ ಮೆಂತ್ಯವೂ ಇತ್ತು. ಆ ಪ್ರಯೋಗವನ್ನು ರೂಪಿಸಿದವರು ದೂರದ ಅಮೆರಿಕದವರಲ್ಲ. ಧಾರವಾಡ ಕೃಷಿ ವಿಶ್ವವಿದ್ಯಾಲಯದ ರವಿಕುಮಾರ ಹೊಸಮನಿ ಮತ್ತು ಧಾರವಾಡ ಐಐಟಿಯ ಸುಧೀರ್ ಸಿದ್ದಾಪುರೆಡ್ಡಿ. ಬಾಹ್ಯಾಕಾಶದಲ್ಲಿ ಕಾಳಿಗೆ ನೀರುಣಿಸಿದವರು ಭಾರತೀಯ ವಾಯುಪಡೆಯ ಗ್ರೂಪ್ ಕ್ಯಾಪ್ಟನ್ ಶುಭಾಂಶು ಶುಕ್ಲಾ.

ಶುಕ್ಲಾ ಹೋದದ್ದು ನಮ್ಮ ಸರಕಾರದ ರಾಕೆಟ್ಟಿನಲ್ಲಲ್ಲ. 1984ರ ಏಪ್ರಿಲ್‌ನಲ್ಲಿ ರಾಕೇಶ್ ಶರ್ಮಾ ಹೋದಾಗ ಅವರನ್ನು ಕರೆದೊಯ್ದದ್ದು ಸೋವಿಯತ್ ಸರಕಾರ. ನಲವತ್ತೊಂದು ವರ್ಷಗಳ ನಂತರ ಶುಕ್ಲಾ ಹೋದದ್ದು ಆಕ್ಸಿಯಂ ಎಂಬ ಅಮೆರಿಕದ ಖಾಸಗಿ ಸಂಸ್ಥೆ ಏರ್ಪಡಿಸಿದ ನಾಲ್ಕನೆಯ ಯಾನದಲ್ಲಿ. ರಾಕೆಟ್ಟು ಮತ್ತು ನೌಕೆ ಇನ್ನೊಂದು ಖಾಸಗಿ ಸಂಸ್ಥೆಯಾದ ಸ್ಪೇಸ್‌ಎಕ್ಸ್‌ನವು. ಜೂನ್ 25ರಂದು ಹೊರಟು ಜುಲೈ 15ರಂದು ಮರಳಿದ ಈ ಪಯಣಕ್ಕಾಗಿ ಭಾರತ ಸುಮಾರು 550 ಕೋಟಿ ರೂಪಾಯಿ ವ್ಯಯಿಸಿತೆಂದು ವರದಿಯಾಗಿದೆ.

ಈ ಮೊತ್ತವನ್ನು ನಮ್ಮ ಲೆಕ್ಕದಲ್ಲಿಯೇ ಅಳೆಯೋಣ. 2025-26ರ ಹಂಗಾಮಿಗೆ ಕೇಂದ್ರ ಸರಕಾರ ಹೆಸರುಕಾಳಿಗೆ ಘೋಷಿಸಿದ ಬೆಂಬಲ ಬೆಲೆ ಕ್ವಿಂಟಲ್‌ಗೆ 8,768 ರೂಪಾಯಿ. 550 ಕೋಟಿ ಎಂದರೆ ಆರು ಲಕ್ಷ ಕ್ವಿಂಟಲ್‌ಗೂ ಹೆಚ್ಚಿನ ಹೆಸರುಕಾಳಿನ ಬೆಲೆ. ಇಷ್ಟು ಹಣವನ್ನು ಒಂದು ಯಾನಕ್ಕೆ ಸುರಿಯುವುದು ನ್ಯಾಯವೇ? ಬೆಲೆ ಕುಸಿದಾಗ ಖರೀದಿ ಕೇಂದ್ರದ ಬಾಗಿಲು ಕಾಯುವ ರೈತನು ಹೀಗೆ ಕೇಳಿದರೆ ಅದನ್ನು ಅಜ್ಞಾನವೆಂದು ತಳ್ಳಿಹಾಕಲಾಗದು. ಆದರೆ ಅದಕ್ಕೆ ಉತ್ತರಿಸುವ ಮೊದಲು ಖಾಸಗಿ ಯಾನಗಳು ನಡೆದು ಬಂದ ದಾರಿಯನ್ನು ಅರಿಯಬೇಕು.

ಮನುಷ್ಯನನ್ನು ಹೊತ್ತ ಮೊದಲ ಖಾಸಗಿ ಬಾಹ್ಯಾಕಾಶ ನೌಕೆ ಹಾರಿದ್ದು 2004ರ ಜೂನ್ 21ರಂದು. ವಿನ್ಯಾಸ ಬರ್ಟ್ ರುಟಾನ್ ಅವರದು, ಹಣ ಮೈಕ್ರೋಸಾಫ್ಟ್‌ನ ಸಹಸ್ಥಾಪಕ ಪಾಲ್ ಅಲೆನ್ ಅವರದು. ಸ್ಪೇಸ್‌ಶಿಪ್‌ಒನ್ ಎಂಬ ಆ ನೌಕೆಯನ್ನು ಒಂದು ವಿಮಾನ ಹೊತ್ತೊಯ್ದು ಎತ್ತರದಲ್ಲಿ ಬಿಟ್ಟಿತು. ಅಲ್ಲಿಂದ ತನ್ನದೇ ರಾಕೆಟ್ಟು ಹೊತ್ತಿಸಿ ಪೈಲಟ್ ಮೈಕ್ ಮೆಲ್ವಿಲ್ 100 ಕಿಲೋಮೀಟರ್ ದಾಟಿದರು. ಅಕ್ಟೋಬರ್ 4ರಂದು ಅದು ಒಂದು ಕೋಟಿ ಡಾಲರ್‌ಗಳ ಬಹುಮಾನವನ್ನು ಗೆದ್ದಿತು. ಮರುವರ್ಷ ನವೆಂಬರ್ 26ರಂದು ನಮ್ಮ ದೇಶದ ಉದ್ಯಮಿ ವಿಜಯಪತ್ ಸಿಂಘಾನಿಯಾ ಮುಂಬಯಿಯಿಂದ ಬಿಸಿಗಾಳಿಯ ಬಲೂನಿನಲ್ಲಿ 21 ಕಿಲೋಮೀಟರ್ ಎತ್ತರಕ್ಕೇರಿ ವಿಶ್ವದಾಖಲೆ ಬರೆದರು.

ಸ್ಪೇಸ್‌ಶಿಪ್‌ಒನ್ ಗೆದ್ದ ಆ ಬಹುಮಾನಕ್ಕೆ ಅನ್ಸಾರಿ ಎಕ್ಸ್ ಪ್ರೈಜ್ ಎಂದು ಹೆಸರು. ಅದಕ್ಕೆ ಬೆಂಬಲವಾಗಿ ನಿಂತವರು ಇರಾನಿನಲ್ಲಿ ಹುಟ್ಟಿ, ಹರೆಯದಲ್ಲಿ ಅಮೆರಿಕಕ್ಕೆ ಹೋಗಿ, ಎಂಜಿನಿಯರಿಂಗ್ ಓದಿ, ಸ್ವಂತ ಉದ್ಯಮ ಕಟ್ಟಿದ ಅನೂಶೆ ಅನ್ಸಾರಿ ಮತ್ತು ಅವರ ಕುಟುಂಬ. 2006ರ ಸೆಪ್ಟೆಂಬರ್‌ನಲ್ಲಿ ಅವರು ತಾವೇ ವೆಚ್ಚ ಭರಿಸಿ ಬಾಹ್ಯಾಕಾಶ ನಿಲ್ದಾಣಕ್ಕೆ ಹೋಗಿ ಬಂದರು. 2023ರ ಮೇ ತಿಂಗಳಲ್ಲಿ ಆಕ್ಸಿಯಂನ ಎರಡನೆಯ ಯಾನದಲ್ಲಿ ಸೌದಿ ಅರೇಬಿಯಾದ ಜೀವವಿಜ್ಞಾನ ಸಂಶೋಧಕಿ ರಯ್ಯಾನ ಬರ್ನಾವಿ ಹೋದರು. ಹತ್ತನೆಯ ತರಗತಿ ಮುಗಿಯುತ್ತಲೇ ಮಗಳ ಪುಸ್ತಕವನ್ನು ಕಟ್ಟಿಡುವ ಪಾಲಕರು ನಮ್ಮಲ್ಲಿ ಇನ್ನೂ ಇದ್ದಾರೆ. ಅವರ ಮುಂದೆ ನಾವು ಈ ಎರಡು ಹೆಸರುಗಳನ್ನಿಟ್ಟು ಬೇರೇನೂ ಹೇಳುವುದಿಲ್ಲ.

ಹಣವಿದ್ದರೆ ಆಸನ ಸಿಗುತ್ತದೆ, ಸುರಕ್ಷತೆ ಸಿಗುವುದಿಲ್ಲ. 2014ರ ಅಕ್ಟೋಬರ್ 31ರಂದು ಸ್ಪೇಸ್‌ಶಿಪ್‌ಒನ್‌ನ ನಂತರದ ಪೀಳಿಗೆಯ ನೌಕೆ ಪರೀಕ್ಷಾ ಹಾರಾಟದಲ್ಲಿ ಆಕಾಶದಲ್ಲೇ ಒಡೆಯಿತು. ಸಹಪೈಲಟ್ ಮೈಕಲ್ ಆಲ್ಸ್‌ಬರಿ ಅಸುನೀಗಿದರು. ವೇಗ ತಗ್ಗಿಸುವ ಬಾಲದ ಬೀಗವನ್ನು ಸಮಯಕ್ಕೆ ಮೊದಲೇ ತೆಗೆಯಲಾಗಿತ್ತು. ಒಬ್ಬ ಮನುಷ್ಯನ ಒಂದು ತಪ್ಪು ಇಡೀ ನೌಕೆಯನ್ನು ನಾಶಮಾಡಬಹುದೆಂಬುದನ್ನು ತಯಾರಕರು ಮುಂಗಾಣಲಿಲ್ಲವೆಂದು ತನಿಖೆ ಹೇಳಿತು. ಕೇಳಬೇಕಾದ ಪ್ರಶ್ನೆಯನ್ನು ಕೇಳಬೇಕಾದ ಹೊತ್ತಿನಲ್ಲಿ ಯಾರೂ ಕೇಳಿರಲಿಲ್ಲ.

ಇನ್ನೊಂದು ಘಟನೆಯನ್ನು ಇದರ ಪಕ್ಕದಲ್ಲಿಡಿ. ಶುಕ್ಲಾ ಅವರ ಯಾನ 2025ರ ಜೂನ್ 11ಕ್ಕೆ ನಿಗದಿಯಾಗಿತ್ತು. ರಾಕೆಟ್ಟಿನಲ್ಲಿ ದ್ರವ ಆಮ್ಲಜನಕ ಸೋರುತ್ತಿರುವುದು ಪರೀಕ್ಷೆಯಲ್ಲಿ ಕಂಡಿತು. ಇಸ್ರೋದ ಅಧ್ಯಕ್ಷ ವಿ. ನಾರಾಯಣನ್ ಅವರ ತಂಡ ಸೋರಿಕೆಯನ್ನು ಸರಿಪಡಿಸಿ ಮತ್ತೆ ಪರೀಕ್ಷಿಸಬೇಕೆಂದಿತು. ಯಾನ ಮುಂದೂಡಲ್ಪಟ್ಟಿತು. ಹಣ ಕೊಟ್ಟವರು ಕೊಟ್ಟೆವೆಂದು ಸುಮ್ಮನಾಗದೆ ಪ್ರಶ್ನಿಸಿದರು. ಪ್ರಶ್ನಿಸಲು ಸಾಧ್ಯವಾದದ್ದು ಅವರಿಗೆ ರಾಕೆಟ್ಟಿನ ವಿದ್ಯೆ ತಿಳಿದಿದ್ದುದರಿಂದ.

ನಾವು ಹೇಳಬಯಸುವುದು ಇದನ್ನೇ. 550 ಕೋಟಿಯನ್ನು ಕೊಟ್ಟವರು ತೆರಿಗೆ ತೆರುವ ನಾವೂ ನೀವೂ. ಬೆಂಕಿಪೊಟ್ಟಣ ಕೊಳ್ಳುವ ಬಡವನೂ ಅದರಲ್ಲಿ ಪಾಲುದಾರ. ಸಿರಿವಂತನು ತನ್ನ ಹಣದಲ್ಲಿ ಹಾರಿದರೆ ಅನುಭವ ಅವನದು. ಜನರ ಹಣದಲ್ಲಿ ಹಾರಿದಾಗ ಅದರ ಫಲ ಜನರಿಗೆ ಮರಳಬೇಕು. ಹಾರಬಾರದೆಂದು ನಾವು ಹೇಳುವುದಿಲ್ಲ. ತಂದದ್ದೇನೆಂದು ಕೇಳಬೇಕು ಎನ್ನುತ್ತೇವೆ.

ತಂದದ್ದೇನು? ಇಸ್ರೋ ಆರಿಸಿದ ಏಳು ಪ್ರಯೋಗಗಳಲ್ಲಿ ಧಾರವಾಡದ್ದು ಒಂದು. ನೆಲದಲ್ಲಿ ಬೇರು ಕೆಳಗಿಳಿಯುವುದು ಗುರುತ್ವದಿಂದ. ಬೇರಿನ ತುದಿಯ ಕೋಶಗಳಲ್ಲಿ ಪಿಷ್ಟದ ಸಣ್ಣ ಕಣಗಳಿವೆ. ಅವು ತಳಕ್ಕೆ ಕುಳಿತು ದಿಕ್ಕು ತೋರಿಸುತ್ತವೆ. ನಿಲ್ದಾಣದಲ್ಲಿ ಎಲ್ಲವೂ ತೇಲುವುದರಿಂದ ಆ ಕಣಗಳು ಕೂರುವುದಿಲ್ಲ, ನೀರೂ ಹರಿಯದೆ ಅಂಟಿಕೊಂಡೇ ಇರುತ್ತದೆ. ಅಂಥಲ್ಲಿ ಕಾಳು ಹೇಗೆ ಮೊಳೆಯುತ್ತದೆ, ಅದರ ಪೋಷಕಾಂಶಗಳು ಹೇಗಿರುತ್ತವೆ ಎಂಬುದು ವಿಜ್ಞಾನಿಗಳ ಪ್ರಶ್ನೆ. ಮಣ್ಣಿಲ್ಲದೆ, ಅಂಗೈಯಗಲದ ಜಾಗದಲ್ಲಿ ತಾಜಾ ಆಹಾರ ಕೊಡಬಲ್ಲ ಮೊಳಕೆಕಾಳು ದೀರ್ಘಯಾನಿಗಳಿಗೆ ಆಸರೆಯಾಗಬಹುದು. ಶುಕ್ಲಾ ಮೊಳಕೆಗಳನ್ನು ಶೀತಕದಲ್ಲಿರಿಸಿದರು. ಅಧ್ಯಯನಕ್ಕಾಗಿ ಅವು ಭೂಮಿಗೆ ಮರಳಿದವು.

ಇದರಿಂದ ನಾಳೆಯೇ ಅಸೂಟಿಯ ಹೊಲದಲ್ಲಿ ಇಳುವರಿ ಹೆಚ್ಚುವುದೆಂದು ನಾವು ಆಸೆ ಹುಟ್ಟಿಸುವುದಿಲ್ಲ. ಅಂಥ ಮಾತು ರಾಜಕಾರಣಿಗಳಿಗೆ ಇರಲಿ. ಆದರೆ ಕಾಳು ಯಾವಾಗ, ಏಕೆ ಮೊಳೆಯುತ್ತದೆ ಎಂಬ ಪ್ರಶ್ನೆ ಅಲ್ಲಿಯದಷ್ಟೇ ಅಲ್ಲ, ಇಲ್ಲಿಯದೂ ಹೌದು. ಕಾಯಿಯೊಳಗಿನ ಅಕಾಲದ ಮೊಳಕೆಯನ್ನು ತಡೆಯುವ ತಳಿ ನಮ್ಮ ರೈತನಿಗೆ ಬೇಕಾಗಿದೆ. ಆಕಾಶಕ್ಕೆ ಕಾಳು ಕಳುಹಿಸುವ ಸಾಮರ್ಥ್ಯವುಳ್ಳ ವಿಶ್ವವಿದ್ಯಾಲಯದ ಮುಂದೆ ಆ ಬೇಡಿಕೆಯನ್ನು ಇಡುವ ಹಕ್ಕು ನಮಗಿದೆ. ಪ್ರಯೋಗದ ಫಲಿತಾಂಶವನ್ನು ರೈತನಿಗೆ ತಿಳಿಯುವ ಕನ್ನಡದಲ್ಲಿ ಹೇಳಿರೆಂದು ಕೇಳುವ ಹಕ್ಕೂ ಇದೆ.

ಆದರೆ ಕೇಳಲು ಅರಿವು ಬೇಕು. ಇಂದು ಧಾರವಾಡದ ವಿಜ್ಞಾನಿಗಳ ಮಾತನ್ನು ನಾವು ಕೇಳಿಸಿಕೊಳ್ಳುತ್ತಿದ್ದೇವೆ. ನಾಳೆ ಅವರ ಪಕ್ಕದಲ್ಲಿ ನಿಂತು ಪ್ರಶ್ನಿಸುವವರು ಈ ಊರಿನಿಂದ ಹೋಗಬೇಡವೇ? ಧಾರವಾಡ ದೂರವಿಲ್ಲ, ಬಸ್ಸು ಹತ್ತಿದರೆ ಅದೇ ದಿನ ತಲುಪುವ ಊರು. ಪಾಲಕರೇ, ಶಿಕ್ಷಕರೊಡನೆ ಮಾತಾಡಿ ಒಮ್ಮೆ ಈ ಮಕ್ಕಳನ್ನು ಆ ವಿಶ್ವವಿದ್ಯಾಲಯದ ಅಂಗಳಕ್ಕೆ ಕರೆದೊಯ್ಯಿರಿ. ಗಂಡುಮಕ್ಕಳನ್ನು ಮಾತ್ರವಲ್ಲ, ಹೆಣ್ಣುಮಕ್ಕಳನ್ನೂ. ಹೋಗುವಾಗ ಈ ಹೊಲದ ಒಂದು ಹಿಡಿ ಹೆಸರುಕಾಳನ್ನು ಅವರ ಕೈಯಲ್ಲಿ ಕೊಟ್ಟು ಕಳುಹಿಸಿರಿ. ಏನು ಕೇಳಬೇಕೆಂಬುದು ಆಗ ಅವರಿಗೇ ತಿಳಿಯುತ್ತದೆ.